ಬಾರದವರ ಪಾಲು

ಜನವರಿಯಲ್ಲಿ ಅತ್ತೂರಿಗೆ ಹೋಗಿ ಬಂದವರ ಎದುರು ‘ಈಗ ಚರ್ಚಿಗೆ ಜನವೇ ಬರುವುದಿಲ್ಲ’ ಎಂದರೆ ನಕ್ಕುಬಿಟ್ಟಾರು. ಕಾರ್ಕಳದ ಪಕ್ಕದ ಆ ಊರಿನಲ್ಲಿ ಸಂತ ಲಾರೆನ್ಸರ ಬಸಿಲಿಕ ಇದೆ. ಅದರ ವಾರ್ಷಿಕ ಹಬ್ಬಕ್ಕೆ ಊರವರ ಬಾಯಲ್ಲಿ ಸಾಂತ್‌ಮಾರಿ ಎಂದೇ ಹೆಸರು. ಆ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದೂಗಳು ಬರುತ್ತಾರೆ, ಮುಸ್ಲಿಮರು ಬರುತ್ತಾರೆ, ಮಗುವಿನ ಜ್ವರ ಇಳಿದರೆ ಮೇಣದಬತ್ತಿ ಹಚ್ಚುತ್ತೇನೆಂದು ಹರಕೆ ಹೊತ್ತ ತಾಯಂದಿರು ಬರುತ್ತಾರೆ. ಪುಷ್ಕರಿಣಿಯ ನೀರು ಮುಟ್ಟಿ, ಬತ್ತಿ ಹಚ್ಚಿ, ಸಂತೆಯಲ್ಲಿ ಬಳೆ, ಮಿಠಾಯಿ ಕೊಂಡು ಬಸ್ಸು ಹತ್ತುತ್ತಾರೆ. ‘ನೀವು ಯಾವ ಸಭೆ? ಹೋದ ವಾರ ಕಾಣಲಿಲ್ಲವಲ್ಲ?’ ಎಂದು ಯಾರೂ ಕೇಳುವುದಿಲ್ಲ.

ಹಬ್ಬ ಮುಗಿದ ಮುಂದಿನ ಭಾನುವಾರ ಅದೇ ಕರಾವಳಿಯ ಯಾವುದಾದರೂ ಸಣ್ಣ ಚರ್ಚಿನಲ್ಲಿ ಹೋಗಿ ಕೂತು ನೋಡಿ. ಕ್ಯಾಥೊಲಿಕ್ ಆಗಲಿ, ನಮ್ಮಂಥ ಪ್ರೊಟೆಸ್ಟಂಟ್ ಆಗಲಿ, ಕಥೆ ಒಂದೇ. ಮುಂದಿನ ಬೆಂಚುಗಳಲ್ಲಿ ವಯಸ್ಸಾದವರು, ಬದಿಯಲ್ಲಿ ಸಂಡೇ ಸ್ಕೂಲಿನ ಮಕ್ಕಳು, ನಡುವೆ ದೊಡ್ಡ ತೆರಪು. ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಅತ್ತೂರಿಗೆ ಅಷ್ಟು ದೂರದಿಂದ ಬಂದಿದ್ದರು. ಹೆಸರಿರುವವರು ಪಕ್ಕದ ಬೀದಿಯಿಂದಲೂ ಬರುವುದಿಲ್ಲ. ಇದು ಸಮಿತಿಯ ಸಭೆಯಲ್ಲಿ ಚರ್ಚೆಗೆ ಬರುತ್ತದೆ. ಚಾ, ಬಿಸ್ಕೆಟ್ ಆದ ಮೇಲೆ ಮದ್ದುಗಳ ಪಟ್ಟಿ ತಯಾರಾಗುತ್ತದೆ: ಹೊಸ ಕೀಬೋರ್ಡು, ಪ್ರಸಂಗಕ್ಕೆ ಇಪ್ಪತ್ತು ನಿಮಿಷದ ಮಿತಿ, ಯೂಟ್ಯೂಬಿನಲ್ಲಿ ನೇರ ಪ್ರಸಾರ, ಯುವಜನರಿಗೆ ಆಗುಂಬೆಯ ಕಡೆ ಒಂದು ಶಿಬಿರ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಇಡೀ ಚರ್ಚೆಯಲ್ಲಿ ಬಾರದವರೊಬ್ಬರ ಹೆಸರೂ ಕೇಳಿಸುವುದಿಲ್ಲ. ‘ಜನ’ ಬರುವುದಿಲ್ಲ, ‘ಯೂತ್’ ಬರುವುದಿಲ್ಲ. ಇಂಥವರು, ಇಂಥ ಮನೆಯವರು, ಇಂಥ ಕಾರಣಕ್ಕೆ ಎನ್ನುವ ಮಾತು ಬಂದೊಡನೆ ಯಾರಾದರೊಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ಅತ್ತೂರನ್ನು ಹೊಗಳಿ ಭಾನುವಾರವನ್ನು ಬೈಯುವುದು ಸುಲಭ. ಜಾತ್ರೆ ಯಾರನ್ನೂ ಏನೂ ಕೇಳುವುದಿಲ್ಲ, ನಿಜ. ಆದರೆ ಬಸ್ಸು ಹತ್ತಿದ ಮೇಲೆ ಆ ತಾಯಿಯ ಮಗುವಿಗೆ ಮತ್ತೆ ಜ್ವರ ಬಂತೇ ಎಂದು ವಿಚಾರಿಸುವವರೂ ಅಲ್ಲಿಲ್ಲ. ಸಭೆ ಎನ್ನುವುದು ವಿಚಾರಿಸುವ ಜಾಗ. ಆ ವಿಚಾರಣೆಯೇ ಯಾವಾಗಲೋ ಹಾಜರಿಯ ತನಿಖೆಯಾಗಿ ಮಾರ್ಪಟ್ಟಿತೇ ಎನ್ನುವುದು ನನ್ನ ಅನುಮಾನ.

ನಮ್ಮ ಕಡೆಯ ಒಂದು ಚರ್ಚಿನ ಗೇಟಿನ ಮುಂದೆ ಪ್ರತಿ ಭಾನುವಾರ ಎಂಟೂಮುಕ್ಕಾಲಿಗೆ ಒಂದು ಸ್ಕೂಟರ್ ನಿಲ್ಲುತ್ತದೆ. ಹೆಂಡತಿ ಇಳಿದು ಸೆರಗು ಸರಿಮಾಡಿಕೊಂಡು, ಬೈಬಲೂ ಗೀತೆಯ ಪುಸ್ತಕವೂ ಇರುವ ಚೀಲವನ್ನು ಎದೆಗವಚಿಕೊಂಡು ಒಳಗೆ ಹೋಗುತ್ತಾರೆ. ಗಂಡ ಸ್ಕೂಟರನ್ನು ನೆರಳಿಗೆ ತಳ್ಳಿ, ರಸ್ತೆ ದಾಟಿ, ಗೂಡಂಗಡಿಯ ಬೆಂಚಿನಲ್ಲಿ ಪೇಪರು ಬಿಡಿಸುತ್ತಾರೆ. ಒಂದು ಚಾ, ಎರಡು ಗೋಳಿಬಜೆ. ಧ್ವನಿವರ್ಧಕದಿಂದ ಒಳಗಿನ ಆರಾಧನೆ ಅಲ್ಲಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಹಳೆಯ ಗೀತೆ ಬಂದರೆ ಅವರ ಬೆರಳು ಪೇಪರಿನ ಅಂಚಿನ ಮೇಲೆ ತಾಳ ಹಾಕುತ್ತದೆ. ಪ್ರಸಂಗ ಮುಗಿಯುವ ಹೊತ್ತು ಅವರಿಗೆ ಗೊತ್ತು. ಕೊನೆಯ ಆಶೀರ್ವಾದಕ್ಕೆ ಸರಿಯಾಗಿ ಪೇಪರು ಮಡಚುತ್ತಾರೆ. ವರ್ಷಗಳಿಂದ ಇದೇ ಕ್ರಮ. ಒಳಗೆ ಕೂತು ಮೊಬೈಲು ನೋಡುವ ಎಷ್ಟೋ ಮಂದಿಗಿಂತ ಅವರು ಆರಾಧನೆಗೆ ಹತ್ತಿರವಿದ್ದಾರೆ. ಆದರೂ ಲೆಕ್ಕದಲ್ಲಿ ಅವರು ಬಾರದವರು.

ಅವರನ್ನು ಕರೆಯದೆ ಬಿಟ್ಟಿಲ್ಲ. ಒಬ್ಬರು ಹೋಗಿ, “ಒಳಗೆ ಬನ್ನಿ ಮಾರಾಯ್ರೇ, ಈಗ ಹೊಸ ಫ್ಯಾನ್ ಉಂಟು” ಎಂದರಂತೆ. “ಇಲ್ಲಿ ಗಾಳಿಯೇ ಉಂಟಲ್ಲ” ಎಂದು ಇವರು ಚಾ ಲೋಟ ಕೆಳಗಿಟ್ಟರಂತೆ. ವಿಷಯ ಫ್ಯಾನಿನದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹಿಂದೊಮ್ಮೆ ಅವರು ಆ ಸಭೆಯ ಖಜಾಂಚಿಯಾಗಿದ್ದರು. ಮಹಾಸಭೆಯಲ್ಲಿ ಎಲ್ಲರೆದುರು ಲೆಕ್ಕದ ಬಗ್ಗೆ ಸಂಶಯದ ಮಾತು ಬಂತು. ಆಡಿಟ್ ಆಯಿತು, ಒಂದು ರೂಪಾಯಿ ಆಚೀಚೆ ಇರಲಿಲ್ಲ. ಸಂಶಯವನ್ನು ಮೈಕಿನಲ್ಲಿ ಹೇಳಿದ್ದರು. ಸಂಶಯ ಸುಳ್ಳಾದದ್ದನ್ನು ಪತ್ರದಲ್ಲಿ ಬರೆದು ಕಳಿಸಿದರು. ಅವರಿಗೆ ಸಲ್ಲಬೇಕಾದದ್ದು ಅದೇ ಮೈಕಿನಲ್ಲಿ ಒಂದು ವಾಕ್ಯ. ಅದನ್ನು ಕೊಡುವುದು ಬಿಟ್ಟು ಉಳಿದ ಎಲ್ಲವನ್ನೂ ಸಭೆ ಅವರಿಗೆ ಕೊಡಲು ನೋಡಿದೆ.

ಬಾರದವರ ಕಾರಣಗಳನ್ನು ಹುಡುಕುತ್ತ ಹೋದರೆ ನಾಸ್ತಿಕರು ಸಿಗುವುದು ಕಡಿಮೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆ ಸಿಗುತ್ತಾಳೆ. ತಿಂಗಳ ಮೊದಲ ಶುಕ್ರವಾರ ಗುರುಗಳು ಪರಮಪ್ರಸಾದ ತರುವುದು ಅತ್ತೆಗೆ, ಏಕೆಂದರೆ ಕಾಯಿಲೆಯವರ ಪಟ್ಟಿಯಲ್ಲಿರುವುದು ಅತ್ತೆಯ ಹೆಸರು. ಗಟ್ಟಿಮುಟ್ಟಾಗಿರುವ ಸೊಸೆ ಯಾವ ಪಟ್ಟಿಗೂ ಸೇರುವುದಿಲ್ಲ. ಭಾನುವಾರವೇ ಡ್ಯೂಟಿ ಬೀಳುವ ನರ್ಸುಗಳು ಸಿಗುತ್ತಾರೆ. ಮಂಗಳೂರು, ಉಡುಪಿಯ ಆಸ್ಪತ್ರೆಗಳಲ್ಲಿ ಎಷ್ಟು ಕ್ರೈಸ್ತ ಹೆಣ್ಣುಮಕ್ಕಳು ಯೂನಿಫಾರ್ಮಿನಲ್ಲಿದ್ದಾರೆ ಎಂದು ನಾನು ಹೇಳಬೇಕಾಗಿಲ್ಲ. ಬೇರೆ ಧರ್ಮದವರನ್ನು ಮದುವೆಯಾದ ಮಗಳ ಅಪ್ಪ ಅಮ್ಮ ಸಿಗುತ್ತಾರೆ. ಮಗಳ ಮೇಲೆ ಅವರಿಗಿದ್ದ ಸಿಟ್ಟು ಮೊಮ್ಮಗು ಹುಟ್ಟಿದ ದಿನವೇ ಕರಗಿತು, ಆದರೆ ಬೆಂಚಿನಲ್ಲಿ ಪಕ್ಕದವರು ಮಾಡುವ ಪಿಸುಮಾತು ಇನ್ನೂ ಕರಗಿಲ್ಲ.

ವಂತಿಗೆ ಬಾಕಿ ಇರುವವರೂ ಸಿಗುತ್ತಾರೆ. ಇದನ್ನು ಚರ್ಚಿನ ಒಳಗಿನವರು ಹೊರಗೆ ಹೇಳುವುದಿಲ್ಲ, ಹಾಗಾಗಿ ಇಲ್ಲಿ ಬರೆಯುವುದೇ ಸರಿ. ಕೆಲವು ಕಡೆ ವರ್ಷಗಳ ಬಾಕಿ ಕಟ್ಟದೆ ಮದುವೆಯ ಕಾಗದ ಸಿಗುವುದಿಲ್ಲ, ಸಮಾಧಿಯ ಜಾಗದ ಮಾತು ಬಂದಾಗ ಹಳೆಯ ಪುಸ್ತಕ ತೆರೆಯುತ್ತಾರೆ. ಎಲ್ಲೆಡೆ ಹೀಗಿಲ್ಲ. ಇರುವ ಕಡೆ ಬಡವರು ಏನು ಮಾಡುತ್ತಾರೆಂದರೆ, ಬಾಕಿ ಬೆಳೆದಷ್ಟೂ ದೂರ ಸರಿಯುತ್ತಾರೆ. ಸಾಲ ಕೊಟ್ಟವನ ಅಂಗಡಿಯ ಮುಂದೆ ನಡೆಯಲು ಯಾರಿಗೆ ಮನಸ್ಸಿರುತ್ತದೆ?

2020ರ ಮಾರ್ಚ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಲಾಕ್‌ಡೌನ್ ಬಂದು ಎಲ್ಲರೂ ಒಂದೇ ದಿನದಲ್ಲಿ ಬಾರದವರಾದರು. ಖಜಾಂಚಿಯೂ, ಖಜಾಂಚಿಯನ್ನು ಸಂಶಯಿಸಿದವರೂ ಗೇಟಿನ ಹೊರಗೆ. ಆಗ ಎಷ್ಟೋ ಸಭೆಗಳಲ್ಲಿ ಸಭಾಪಾಲಕರು ರಿಜಿಸ್ಟರು ಎದುರಿಗಿಟ್ಟುಕೊಂಡು ಮನೆಮನೆಗೆ ಫೋನ್ ಮಾಡಿದರು. ಅಕ್ಕಿ ಇದೆಯೇ, ಬಿಪಿ ಮಾತ್ರೆ ಸಿಕ್ಕಿತೇ, ದುಬೈಯಲ್ಲಿರುವ ಮಗನ ಸುದ್ದಿ ಏನು ಎಂದು ಕೇಳಿದರು. ಆ ಕರೆಯಲ್ಲಿ ‘ಯಾಕೆ ಬರುವುದಿಲ್ಲ’ ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ. ಬಾಗಿಲು ಮುಚ್ಚಿದ್ದರಿಂದಲೇ ಆ ಮಾತುಕತೆ ಅಷ್ಟು ಹಗುರಾಗಿತ್ತು. ಬಾಗಿಲು ತೆರೆದ ಮೇಲೆ ನೇರ ಪ್ರಸಾರದ ಕ್ಯಾಮೆರಾ ಉಳಿಯಿತು, ಫೋನ್ ಕರೆಗಳು ನಿಂತವು. ನನ್ನನ್ನು ಕೇಳಿದರೆ ಉಳಿಯಬೇಕಾದದ್ದು ಇನ್ನೊಂದು.

ಕ್ರೈಸ್ತರ ಭಾನುವಾರದ ಆರಾಧನೆಯ ಅತ್ಯಂತ ಹಳೆಯ ವರ್ಣನೆಗಳಲ್ಲಿ ಒಂದನ್ನು ಬರೆದವರು ಜಸ್ಟಿನ್. ಸುಮಾರು 155ರಲ್ಲಿ, ರೋಮಿನ ಚಕ್ರವರ್ತಿಗೆ ತಮ್ಮ ಜನರ ಪರವಾಗಿ ಬರೆದ ಮನವಿಯಲ್ಲಿ ಅದು ಬರುತ್ತದೆ. ಊರಿನವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ, ಓದುತ್ತಾರೆ, ಮುಖ್ಯಸ್ಥರು ಬುದ್ಧಿ ಹೇಳುತ್ತಾರೆ, ಪ್ರಾರ್ಥನೆಯಾಗುತ್ತದೆ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುತ್ತಾರೆ. ಇಷ್ಟು ನಮಗೆಲ್ಲ ಗೊತ್ತಿರುವ ಕ್ರಮವೇ. ಅದರ ಬೆನ್ನಿಗೇ ಜಸ್ಟಿನ್ ಇನ್ನೊಂದು ವಿಷಯ ಸೇರಿಸುತ್ತಾರೆ: ಅಲ್ಲಿಗೆ ಬಂದಿಲ್ಲದವರಿಗೆ ಅವರ ಪಾಲನ್ನು ಡೀಕನರು, ಅಂದರೆ ಸಭೆಯ ಸೇವಕರು, ಒಯ್ದು ಮುಟ್ಟಿಸುತ್ತಾರೆ.

ಇದನ್ನು ಓದಿದವರು ಸಾಮಾನ್ಯವಾಗಿ ರೊಟ್ಟಿ, ದ್ರಾಕ್ಷಾರಸದ ದೇವಶಾಸ್ತ್ರದ ಕಡೆ ಹೋಗಿಬಿಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಆ ಕೊನೆಯ ಮಾತು. ಬಾರದವರು ಏಕೆ ಬರಲಿಲ್ಲ ಎಂದು ಜಸ್ಟಿನ್ ಬರೆಯುವುದಿಲ್ಲ. ಕಾಯಿಲೆಯೋ, ಯಜಮಾನ ಬಿಡದ ಗುಲಾಮನೋ, ಹೆದರಿಕೆಯೋ, ಬೇಸರವೋ. ಆಗ ಭಾನುವಾರ ರಜೆಯಾಗಿರಲಿಲ್ಲ. ರಜೆಯಾದದ್ದು 321ರಲ್ಲಿ, ಕಾನ್‌ಸ್ಟಂಟೈನನ ಆಜ್ಞೆಯಿಂದ. ಜಸ್ಟಿನ್ನರಿಗಿಂತ ಸುಮಾರು ನಲವತ್ತು ವರ್ಷ ಹಿಂದೆ ಬಿಥಿನಿಯದ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಕಳಿಸಿದ ವರದಿಯಲ್ಲಿ, ಈ ಜನ ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಕೂಡುತ್ತಾರೆ ಎಂದಿದೆ. ಕೆಲಸಕ್ಕೆ ಹೋಗುವ ಮೊದಲು ಎಂದೇ ಅರ್ಥ ಮಾಡಬೇಕು. ಒಂಬತ್ತು ಗಂಟೆಯ ಆರಾಧನೆ ಸೀನಾಯಿ ಬೆಟ್ಟದಿಂದ ಇಳಿದು ಬಂದದ್ದಲ್ಲ ಎಂದು ನರ್ಸುಗಳ ಪರವಾಗಿ ಇಲ್ಲಿ ಹೇಳಿಬಿಡುತ್ತೇನೆ.

ಮುಖ್ಯ ವಿಷಯಕ್ಕೆ ಬರೋಣ. ಆ ಸಭೆಯ ಲೆಕ್ಕದಲ್ಲಿ ಬಾರದವರಿಗೂ ಒಂದು ಪಾಲು ಇತ್ತು. ಅದು ಬರಲಿ ಎಂದು ತೋರಿಸುವ ಆಮಿಷವಾಗಿರಲಿಲ್ಲ, ಬಂದ ಮೇಲೆ ಸಿಗುವ ಬಹುಮಾನವೂ ಆಗಿರಲಿಲ್ಲ. ಬರಲಿ ಬಿಡಲಿ, ಅದು ಅವರದ್ದು. ಅದನ್ನು ಹೊತ್ತುಕೊಂಡು ಹೋಗುವುದಕ್ಕೆ ಜನ ನೇಮಕವಾಗಿದ್ದರು. ಆ ನೇಮಕದ ಮೂಲ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಸಿಗುತ್ತದೆ. ಜೆರುಸಲೇಮಿನ ಸಭೆಯಲ್ಲಿ ದಿನದ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಎಂದು ಗೊಣಗಾಟ ಶುರುವಾಯಿತು. ಬೇರೆ ಭಾಷೆಯವರು, ಗಂಡನಿಲ್ಲದವರು, ಅವರನ್ನು ಕೇಳುವವರಿಲ್ಲ. ಆಗ ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೆ ಇಟ್ಟರು. ಗೊಣಗಿದವರನ್ನು ಸಭೆಯ ಶತ್ರುಗಳೆಂದು ಕರೆಯಲಿಲ್ಲ. ಡೀಕನ್ ಎಂಬ ಹುದ್ದೆಯ ಬೇರು ಆ ಒಂದು ದೂರಿನಲ್ಲಿದೆ ಎಂದು ಪರಂಪರೆ ಹೇಳುತ್ತದೆ.

ಅತ್ತೂರಿನ ಸಂತ ಲಾರೆನ್ಸರೂ ಡೀಕನರೇ. ರೋಮಿನ ಸಭೆಯ ಸೊತ್ತು ಅವರ ಕೈಯಲ್ಲಿತ್ತು. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ, ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಆಜ್ಞೆ ಮಾಡಿದನಂತೆ. ಲಾರೆನ್ಸರು ಇದ್ದದ್ದನ್ನೆಲ್ಲ ಹಂಚಿ, ಊರಿನ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು, ಸಂಪತ್ತು ಇವರೇ ಎಂದು ತೋರಿಸಿದರು ಎನ್ನುತ್ತದೆ ಐತಿಹ್ಯ. ಅದಕ್ಕಾಗಿ ಪ್ರಾಣ ಕೊಟ್ಟರು. ಅತ್ತೂರಿನಲ್ಲಿ ಬತ್ತಿ ಹಚ್ಚುವ ಬಹುಪಾಲು ಜನರಿಗೆ ಈ ಕಥೆ ಗೊತ್ತಿರಲಾರದು. ಬೇರೆಯವರ ಪಾಲನ್ನು ಮುಟ್ಟಿಸುವುದೇ ಕೆಲಸವಾಗಿದ್ದವನ ಬಳಿಗೆ, ಯಾವ ಪಟ್ಟಿಯಲ್ಲೂ ಇಲ್ಲದವರು ತಾವಾಗಿ ಹೋಗುತ್ತಿರುವುದು ಕಾಕತಾಳೀಯವೇ ಇರಬಹುದು. ಆದರೂ ಅತ್ತೂರಿಗೆ ಹೋದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಬಾರದವರ ಪಾಲು ನಮ್ಮ ಕರಾವಳಿಯವರಿಗೆ ಹೊಸ ವಿಷಯವೂ ಅಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕ್ಯಾಥೊಲಿಕ್ ಚರ್ಚುಗಳಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿಯುತ್ತಾರೆ. ಮನೆಯಲ್ಲಿ ಇಲ್ಲದವರಿಗೆ? ಮುಂಬೈಗೆ, ಕುವೈತಿಗೆ ಹೋದ ಮಕ್ಕಳಿಗೆ ಅಮ್ಮಂದಿರು ಕೆಲವು ಕಾಳುಗಳನ್ನು ಕಾಗದದಲ್ಲಿ ಮಡಚಿ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು. ಆ ಮಗ ಅಲ್ಲಿ ಚರ್ಚಿಗೆ ಹೋಗುತ್ತಿದ್ದನೋ, ರಜೆಯ ದಿನ ಮಧ್ಯಾಹ್ನದವರೆಗೆ ಮಲಗುತ್ತಿದ್ದನೋ, ಕಾಳು ಕಳಿಸಲು ಅದು ಷರತ್ತಾಗಿರಲಿಲ್ಲ. ಅಮ್ಮನಿಗೆ ತಿಳಿದಿದ್ದ ಈ ವ್ಯವಹಾರ ಸಮಿತಿಗೆ ಏಕೆ ಮರೆತುಹೋಯಿತು?

ಮರೆತದ್ದಕ್ಕೆ ಒಂದು ಕಾರಣ ನನಗೆ ಹೀಗೆ ಕಾಣುತ್ತದೆ. ಒಯ್ದು ಕೊಡಬೇಕಾದವರು ವಸೂಲಿಯವರಾದರು. ಮಂಗಳೂರು ಕಡೆಯ ಕ್ಯಾಥೊಲಿಕ್ ಚರ್ಚುಗಳಲ್ಲಿ ವಾಳೆಗೊಬ್ಬ, ಅಂದರೆ ಚರ್ಚಿನ ವ್ಯಾಪ್ತಿಯ ಒಂದೊಂದು ವಾರ್ಡಿಗೊಬ್ಬ, ಗುರ್ಕಾರನೆಂಬ ಮುಖಂಡ ಇರುವುದು ಹಳೆಯ ಪದ್ಧತಿ. ಮದುವೆಗೆ, ಸಾವಿಗೆ, ಅಣ್ಣತಮ್ಮಂದಿರ ಜಗಳಕ್ಕೆ ಮೊದಲು ಓಡಿಬರುತ್ತಿದ್ದವನು ಅವನು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಹಿರಿಯರು ಇದೇ ಕೆಲಸ ಮಾಡುತ್ತಿದ್ದರು. ಈಗ ಗುರ್ಕಾರ ಗೇಟು ತೆಗೆದರೆ ಮನೆಯೊಳಗೆ ಮೊದಲ ಮಾತು, ‘ಯಾವುದರ ಚಂದಾ?’ ಹೊಸ ಗೋಪುರ, ಹೊಸ ಹಾಲ್, ಶತಮಾನೋತ್ಸವದ ಸ್ಮರಣ ಸಂಚಿಕೆ. ಪಾಪ, ಅವನ ತಪ್ಪಲ್ಲ. ಅವನ ಕೈಗೆ ರಸೀದಿ ಪುಸ್ತಕ ಕೊಟ್ಟವರು ಬೇರೆಯವರು.

ವರ್ಷಕ್ಕೊಮ್ಮೆ ಮನೆ ಆಶೀರ್ವಾದಕ್ಕೆ ಗುರುಗಳು ಬರುವುದುಂಟು. ಒಂದು ದಿನದಲ್ಲಿ ಇಡೀ ವಾಳೆ ಮುಗಿಯಬೇಕು. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಒಗೆದ ಟವಲು, ಒಂದು ಪ್ರಾರ್ಥನೆ, ತೀರ್ಥ ಚಿಮುಕಿಸುವುದು, ಅರ್ಧ ಕುಡಿದ ಜ್ಯೂಸು. ಹೊರಡುವಾಗ “ಮಗ ಎಲ್ಲಿ, ಭಾನುವಾರ ಕಾಣುವುದಿಲ್ಲ?” ಎಂಬ ಪ್ರಶ್ನೆ. ಅಮ್ಮನ ಮುಖ ಕೆಳಗಾಗುತ್ತದೆ. ಮಗ ಒಳಕೋಣೆಯಲ್ಲೇ ಇರುತ್ತಾನೆ, ಕದದ ಹಿಂದೆ. ಈ ಭೇಟಿಗಿಂತ ಇಗರ್ಜಿಯ ಲೆಟರ್‌ಹೆಡ್ಡಿನಲ್ಲಿ ಒಂದು ನೋಟಿಸು ಕಳಿಸಿದ್ದರೂ ನಡೆಯುತ್ತಿತ್ತು. ಅದೇ ಮನೆಗೆ ಸಂಜೆ ಹೊತ್ತು, ಪುಸ್ತಕ, ಪಟ್ಟಿ ಯಾವುದೂ ಇಲ್ಲದೆ ಬಂದು, ಗಂಜಿ ಚಟ್ನಿ ಇದ್ದರೆ ಅದನ್ನೇ ಉಂಡು, ಬಾವಿಯ ನೀರಿನ ವಿಷಯ ಮಾತಾಡಿ ಹೋದ ಪಾದ್ರಿಗಳನ್ನು ಊರು ಮೂವತ್ತು ವರ್ಷ ನೆನಪಿಟ್ಟುಕೊಂಡಿರುತ್ತದೆ. ಜಕ್ಕಾಯನ ಮನೆಗೆ ಯೇಸು ಹೋದದ್ದೂ ಉಳಿದುಕೊಳ್ಳುವುದಕ್ಕೆ. ಅವನಾಗಿಯೇ ಬಾಯಿ ಬಿಡುವವರೆಗೆ ಅವನ ಲೆಕ್ಕಪತ್ರದ ಮಾತು ಅಲ್ಲಿ ಬರಲಿಲ್ಲ.

ನಮ್ಮ ಎಷ್ಟೋ ಮನೆಗಳ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಚಿತ್ರ ಇರುತ್ತದೆ: ಯೇಸು ಮುಚ್ಚಿದ ಬಾಗಿಲ ಮುಂದೆ ನಿಂತು ತಟ್ಟುತ್ತಿದ್ದಾನೆ. ಬಾಗಿಲಿಗೆ ಹೊರಗಡೆ ಹಿಡಿಕೆ ಇಲ್ಲ, ಅದನ್ನು ಒಳಗಿನವರೇ ತೆಗೆಯಬೇಕು ಎಂದು ಸಂಡೇ ಸ್ಕೂಲಿನಲ್ಲಿ ಹೇಳಿಕೊಡುತ್ತಾರೆ. ಒಳಗಿರುವವನು ನಂಬದವನು, ಬಾರದವನು ಎಂದೇ ನಾವು ತಿಳಿದುಕೊಂಡು ಬೆಳೆದೆವು. ಆ ಚಿತ್ರದ ಮಾತು ಬರುವುದು ಪ್ರಕಟನೆಯ ಮೂರನೆಯ ಅಧ್ಯಾಯದಲ್ಲಿ, ಲವೊದಿಕೀಯದ ಸಭೆಗೆ ಬರೆದ ಪತ್ರದಲ್ಲಿ. ಐಶ್ವರ್ಯವಂತ, ತನಗೆ ಯಾವ ಕೊರತೆಯೂ ಇಲ್ಲವೆಂದುಕೊಂಡಿದ್ದ ಸಭೆ ಅದು. ಕರ್ತನು ಹೊರಗೆ ನಿಂತು ತಟ್ಟುತ್ತಿದ್ದದ್ದು ಆ ಸಭೆಯ ಬಾಗಿಲನ್ನು. 2013ರ ಮಾರ್ಚ್‌ನಲ್ಲಿ, ಪೋಪ್ ಫ್ರಾನ್ಸಿಸ್ ಆಗುವ ಕೆಲವೇ ದಿನ ಮೊದಲು, ಕಾರ್ಡಿನಲ್ ಬೆರ್ಗೋಲಿಯೊ ಇದೇ ಚಿತ್ರವನ್ನು ತಿರುವಿ ಹೇಳಿದರು: ಯೇಸು ಒಳಗಿನಿಂದಲೂ ತಟ್ಟುತ್ತಾನೆ, ಹೊರಗೆ ಬಿಡಿ ಎಂದು. ಎರಡರಲ್ಲಿ ಯಾವುದನ್ನು ಹಿಡಿದರೂ ಬಾರದವರನ್ನು ‘ಅವರು’ ಎಂದು ಕರೆದು ಸಮಿತಿ ನೆಮ್ಮದಿಯಾಗಿ ಕೂರುವಂತಿಲ್ಲ.

ಇನ್ನು ರಿಜಿಸ್ಟರಿನ ಹೊರಗಿರುವ ನೆರೆಹೊರೆಯವರ ವಿಷಯ. ಇಲ್ಲಿ ಎಚ್ಚರದಿಂದ ಬರೆಯಬೇಕು, ಏಕೆಂದರೆ ನಮ್ಮ ರಾಜ್ಯದಲ್ಲಿ ಇದು ಬರೀ ಚಿಂತನೆಯ ವಿಷಯವಾಗಿ ಉಳಿದಿಲ್ಲ. 2022ರಲ್ಲಿ ಮತಾಂತರ ತಡೆಯ ಕಾಯ್ದೆ ಬಂತು; 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಮುಂದಿನ ಸರ್ಕಾರದ ಸಂಪುಟ ತೀರ್ಮಾನಿಸಿತು. ಬೈಬಲಿನ ಚೀಲ ಹಿಡಿದು ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತುವವರನ್ನು ಬೀದಿ ಸಂಶಯದಿಂದ ನೋಡುತ್ತದೆ. ಆ ಸಂಶಯವನ್ನು ರಾಜಕೀಯ ಬೆಳೆಸಿದೆ, ಅದು ನಿಜ. ತಲೆ ಎಣಿಸಿ ವರದಿ ಕಳಿಸುವ ಕೆಲವು ಗುಂಪುಗಳೂ ಅದಕ್ಕೆ ನೀರು ಹಾಕಿವೆ ಎನ್ನುವುದನ್ನು ನಾವು ಒಪ್ಪಬೇಕು. ಪಾಲು ಒಯ್ಯುವವನಿಗೆ ಸಹಿ ಬೇಕಾಗಿಲ್ಲ, ಎಣಿಕೆ ಬೇಕಾಗಿಲ್ಲ. ಎಣಿಕೆ ಶುರುವಾದ ದಿನವೇ ಅದು ಪಾಲಾಗಿ ಉಳಿಯುವುದಿಲ್ಲ.

ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು ಜನರನ್ನು ಕ್ರೈಸ್ತರನ್ನಾಗಿ ಮಾಡುವುದಕ್ಕೇ. ಅವರು ಅದನ್ನು ಬಚ್ಚಿಡಲೂ ಇಲ್ಲ. ಆದರೆ ಚರ್ಚಿನ ಮೆಟ್ಟಿಲು ಎಂದೂ ಹತ್ತದ ಕನ್ನಡಿಗರ ಕೈಗೆ ಅವರಿಂದ ಮುಟ್ಟಿದ್ದು ಬೇರೆಯೇ. ಆ ಮಿಷನಿನ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆ ಮುಟ್ಟಿತು. ಅವರೇ ಮುಂದೆ ನಿಂತು ಕಲ್ಲಚ್ಚಿನಲ್ಲಿ ಮಾಡಿಸಿದ ಜೈಮಿನಿ ಭಾರತ, ದಾಸರ ಪದಗಳು ಮುಟ್ಟಿದವು. 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆರೆಯುವವರು ಯಾರೂ ಅದರ ಮುಂದೆ ತಮ್ಮ ಧರ್ಮ ಹೇಳಬೇಕಾಗಿಲ್ಲ. ಕ್ಯಾಥೊಲಿಕರ ಕಡೆ, ಮಂಗಳೂರಿನ ಕಂಕನಾಡಿಯಲ್ಲಿ ಜೆಸುಯಿಟ್ ಗುರು ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಕೊಡಲು ಕೂತರು. ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದ. ಇವೆಲ್ಲ ದೊಡ್ಡವರ ಕೆಲಸಗಳು. ಎಂಬತ್ತು ಕುಟುಂಬದ ಹಳ್ಳಿ ಚರ್ಚು ನಿಘಂಟು ಬರೆಯಬೇಕಾಗಿಲ್ಲ. ಅದರ ಹಾಲ್ ಮಳೆಗಾಲದ ಸಂಜೆಗಳಲ್ಲಿ ಬೀದಿಯ ಮಕ್ಕಳಿಗೆ ಓದಲು ತೆರೆದಿರಬಹುದು, ಅಷ್ಟೇ. ಪ್ರಾರ್ಥನೆ ಹೇಳಿಸದೆ, ಕರಪತ್ರ ಕೊಡದೆ.

ಇಷ್ಟೆಲ್ಲ ಮಾಡಿದ ಮೇಲೆ ಅವರು ಬರುತ್ತಾರೆಯೇ ಎಂದು ನನ್ನ ಸಭೆಯ ಹಿರಿಯರೊಬ್ಬರು ಕೇಳಿದರು. ಬಾರದೆ ಇರಬಹುದು. ಖಜಾಂಚಿಯವರಿಗೆ ಮೈಕಿನಲ್ಲಿ ಆ ವಾಕ್ಯ ಸಿಕ್ಕಿದ ಮೇಲೂ ಗೂಡಂಗಡಿಯ ಗೋಳಿಬಜೆಯೇ ರುಚಿ ಎನಿಸಬಹುದು. ಸೊಸೆಗೆ ವಾರಕ್ಕೆರಡು ಗಂಟೆ ಬಿಡುವು ಸಿಗಲೆಂದು ಅತ್ತೆಯ ಪಕ್ಕ ಯಾರಾದರೂ ಕೂತರೆ, ಆ ಎರಡು ಗಂಟೆ ಅವಳು ಚರ್ಚಿಗೆ ಬಾರದೆ ನಿದ್ದೆ ಮಾಡಬಹುದು. ಮಾಡಲಿ. ಅವಳ ಪಾಲು ಆ ವಾರ ನಿದ್ದೆಯೇ ಇದ್ದೀತು. ಇದನ್ನು ಸಹಿಸುವ ಶಕ್ತಿ ಸಭೆಗೆ ಇದೆಯೇ ಎನ್ನುವುದು ನನಗೆ ಖಾತ್ರಿಯಿಲ್ಲ.

ವಾರ್ಷಿಕ ವರದಿಯಲ್ಲಿ ದೀಕ್ಷಾಸ್ನಾನ ಎಷ್ಟು, ಮದುವೆ ಎಷ್ಟು, ಸಮಾಧಿ ಎಷ್ಟು, ಕಾಣಿಕೆ ಎಷ್ಟು ಎಂದು ಓದುತ್ತಾರೆ. ಯಾರ ಮನೆಗೆ ಹೋದೆವು, ಯಾರ ಬಾಕಿಯ ಮೇಲೆ ಗೀಟು ಎಳೆದೆವು, ಯಾರ ಎದುರು ತಪ್ಪಾಯಿತು ಎಂದೆವು ಎಂಬ ಕಾಲಂ ನಾನು ಕಂಡ ಯಾವ ವರದಿಯಲ್ಲೂ ಇಲ್ಲ. ಮುಂದಿನ ಮಹಾಸಭೆಯಲ್ಲಿ ಆ ಕಾಲಂ ಬೇಕೆಂದು ಕೇಳುವವನಿದ್ದೇನೆ. ಗೋಪುರದ ಬಣ್ಣಕ್ಕೆ ಇಟ್ಟ ಮೊತ್ತದಲ್ಲಿ ಒಂದಿಷ್ಟನ್ನು ಹಿರಿಯರ ಸ್ಕೂಟರುಗಳ ಪೆಟ್ರೋಲಿಗೆ ತೆಗೆಯಿರಿ ಎಂದೂ ಕೇಳುತ್ತೇನೆ. ಬಣ್ಣದ ಕೊಟೇಶನ್ ಆಗಲೇ ಬಂದಿದೆಯಂತೆ, ಮೂರು ಕೋಟಿಂಗಿಗೆ.